ಚಿನ್ನ, ಕ್ಲೋರೋಬೆಂಜೀನ್, ಸ್ಪಿನ್ ಕೋಟರ್ ಮೂರೂ ಬಿಟ್ಟು ಪಾಲಿಮರ್ ಸೆನ್ಸರ್ ಮಾಡಬಹುದಾ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗೆ ‘ಪರಿಸರಸ್ನೇಹಿ, ಕಡಿಮೆ ಖರ್ಚಿನ ಪಾಲಿಮರ್ ಸೆನ್ಸರ್’ ಅಂತ ಹೆಸರಿಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ, ನಾನೇ ಇಟ್ಟಿದ್ದು. ಈಗ ಅದೇ ಕುತ್ತಿಗೆಗೆ ಸುತ್ತಿಕೊಂಡಿದೆ. ಕಳೆದ ವಾರದ ಪ್ರೆಸೆಂಟೇಷನ್ನಿನಲ್ಲಿ ಒಬ್ಬರು, ‘ಇದರಲ್ಲಿ ಪರಿಸರಸ್ನೇಹಿ ಅನ್ನುವುದು ಯಾವುದಮ್ಮ?’ ಅಂತ ಕೇಳಿದರು. ಸುಮ್ನೆ ನಿಂತಿದ್ದೆ.

ಮಾಡಬೇಕಾಗಿರುವುದು ಇಷ್ಟು. ನೀರಿನಲ್ಲಿ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಇದೆಯಾ ಇಲ್ಲವಾ, ಇದ್ದರೆ ಜಾಸ್ತಿಯಾ ಕಡಿಮೆಯಾ ಅಂತ ತೋರಿಸುವ ಒಂದು ಪುಟ್ಟ ಟ್ರಾನ್ಸಿಸ್ಟರ್. ಒಮ್ಮೆ ಬಳಸಿ ಬಿಸಾಡುವಂಥದ್ದು.

ಈಗ ಮಾಡುತ್ತಿರುವ ರೀತಿ ಹೀಗಿದೆ. ಎರಡೂವರೆ ಸೆಂಟಿಮೀಟರ್ ಚೌಕದ ಗಾಜಿನ ತುಂಡು. ಅದರ ಮೇಲೆ ವ್ಯಾಕ್ಯೂಮಿನಲ್ಲಿ ಚಿನ್ನವನ್ನು ಆವಿ ಮಾಡಿ ಕೂರಿಸಿದ ಎಲೆಕ್ಟ್ರೋಡುಗಳು. ಅದರ ಮೇಲೆ ಪಿ3ಎಚ್‌ಟಿ ಎಂಬ ಅರೆವಾಹಕ ಪಾಲಿಮರ್. ಅದನ್ನು ಕ್ಲೋರೋಬೆಂಜೀನಿನಲ್ಲಿ ಕರಗಿಸಿ ಸ್ಪಿನ್ ಕೋಟರ್ ಮೇಲೆ ಸುರಿಯುತ್ತೇನೆ. ತಟ್ಟೆ ಗಿರ್ರನೆ ತಿರುಗುತ್ತದೆ, ದ್ರಾವಣ ಹಾರಿಹೋಗುತ್ತದೆ, ತೆಳುವಾದ ಪೊರೆ ಉಳಿಯುತ್ತದೆ.

ಎಷ್ಟು ಉಳಿಯುತ್ತದೆ ಅಂತ ಮೊನ್ನೆ ಕೂತು ಲೆಕ್ಕ ಹಾಕಿದೆ. ಒಂದು ಗಾಜಿಗೆ 200 ಮೈಕ್ರೋಲೀಟರ್ ಸುರಿಯುತ್ತೇನೆ, ಅದರಲ್ಲಿ 2 ಮಿಲಿಗ್ರಾಂ ಪಾಲಿಮರ್ ಇರುತ್ತದೆ. ಪೊರೆಯ ದಪ್ಪ ಸುಮಾರು 50 ನ್ಯಾನೋಮೀಟರ್. ಅಂದರೆ ಗಾಜಿನ ಮೇಲೆ ಕೂತಿದ್ದು 0.03–0.04 ಮಿಲಿಗ್ರಾಂ. ನೂರರಲ್ಲಿ 2 ಪಾಲು ಕೂಡ ಇಲ್ಲ! ಉಳಿದದ್ದೆಲ್ಲ ಬಟ್ಟಲಿಗೆ, ಟಿಶ್ಯೂಗೆ, ವೇಸ್ಟ್ ಬಾಟಲಿಗೆ. ಆ ಬಾಟಲಿ ಮೇಲೆ ‘ಕ್ಲೋರಿನ್ ಇರುವ ದ್ರಾವಕ’ ಅಂತ ನಾನೇ ಚೀಟಿ ಅಂಟಿಸಿದ್ದೇನೆ. ಪ್ರತಿ ದಿನ ಅದನ್ನು ನೋಡುತ್ತಾ ಪರಿಸರಸ್ನೇಹಿ ಅಂತ ಬರೆಯುವುದು ಕಷ್ಟ.

ಹಾಗಾಗಿ ಪೆಡಾಟ್-ಪಿಎಸ್ಎಸ್ ಎಂಬ, ವಿದ್ಯುತ್ ಹಾಯಿಸುವ ಪಾಲಿಮರ್ ಕಡೆ ತಿರುಗಿದೆ. ಅದು ನೀರಿನಲ್ಲೇ ಬರುತ್ತದೆ, ಕಡುನೀಲಿ ಶಾಯಿಯ ಹಾಗೆ. ಕನಿಷ್ಠ ಎಲೆಕ್ಟ್ರೋಡುಗಳನ್ನಾದರೂ ಚಿನ್ನದ ಬದಲು ಅದರಲ್ಲೇ ಪ್ರಿಂಟ್ ಮಾಡೋಣ ಅಂತ ಹೊರಟೆ. ಏನೇನಾಯಿತು ಕೇಳಿ.

ಮನೆಯ ಹಳೆಯ ಇಂಕ್‌ಜೆಟ್ ಪ್ರಿಂಟರಿನ ಕಾರ್ಟ್ರಿಡ್ಜ್ ತೊಳೆದು ಅದಕ್ಕೆ ತುಂಬಿದೆ. ಮೂರು ಗೆರೆ ಚೆನ್ನಾಗಿ ಬಂತು. ನಾಲ್ಕನೆಯದು ಅರ್ಧಕ್ಕೆ ನಿಂತಿತು. ಆಮೇಲೆ ಬರೀ ಬಿಳಿ ಹಾಳೆ. ಪ್ರಿಂಟರ್ ಸತ್ತಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂದರೆ ಪೆಟ್ ಮೇಲೆ ಗಾಜಿನ ಕಡ್ಡಿಯಿಂದ ಎಳೆದೆ. ಕೆಸುವಿನ ಎಲೆ ಮೇಲೆ ನೀರು ಬಿದ್ದ ಹಾಗೆ ಗುಂಡಗುಂಡಗೆ ನಿಂತಿತು.

ಕಾಗದದ ಮೇಲೆ ಎಳೆದೆ. ಕಾಗದ ಕುಡಿದುಬಿಟ್ಟಿತು. ಗೆರೆ ಹರಡಿಕೊಂಡು ಮೀಟರಿನಲ್ಲಿ ಮೆಗಾ ಓಮ್ ತೋರಿಸಿತು.

ಕೊನೆಗೆ ಗಾಜಿನ ಮೇಲೆ ಒಂದು ಪೊರೆ ಸರಿಯಾಗಿ ಬಂತು. ಖುಷಿಯಿಂದ ನೀರಿನಲ್ಲಿ ಅದ್ದಿದೆ. ಹತ್ತು ನಿಮಿಷದಲ್ಲಿ ಬಿಚ್ಚಿಕೊಂಡು ತೇಲಿತು. ನೀರಿನ ಸೆನ್ಸರ್ ನೀರಿನಲ್ಲೇ ಬಿಚ್ಚಿಕೊಂಡರೆ ಏನು ಮಾಡುವುದು?

ಕೇಳಬೇಕಾದದ್ದು ಮೂರು. ನೀರಿನ ಶಾಯಿಯನ್ನು ಪ್ಲಾಸ್ಟಿಕ್ ಮೇಲೆ ನೆಟ್ಟಗೆ ಕೂರಿಸುವುದು ಹೇಗೆ? ಪಿ3ಎಚ್‌ಟಿಗೆ ಕ್ಲೋರೋಬೆಂಜೀನ್ ಬದಲು ಏನು ಹಾಕಬಹುದು? ಇಷ್ಟೆಲ್ಲ ಮಾಡಿದ ಮೇಲಾದರೂ ಪರಿಸರಸ್ನೇಹಿ ಅನ್ನಬಹುದಾ?

ಹಳೇಸ್ಕ್ವೀಜಿ

ನಿಮ್ಮ ಮೊದಲ ಪ್ರಶ್ನೆ ನನ್ನ ಕಸುಬಿನದು. ಹತ್ತೊಂಬತ್ತು ವರ್ಷ ಸ್ಕ್ರೀನ್ ಪ್ರಿಂಟಿಂಗ್ ಲೈನಿನಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಮೆಂಬ್ರೇನ್ ಕೀಪ್ಯಾಡು, ಆಮೇಲೆ ಸೆನ್ಸರ್ ಪಟ್ಟಿಗಳು. ಕೆಮಿಸ್ಟ್ರಿ ನನಗೆ ಅಷ್ಟಕ್ಕಷ್ಟೇ. ಆದರೆ ಶಾಯಿ ಎಲ್ಲಿ ಕೂರುತ್ತದೆ, ಎಲ್ಲಿ ಕೂರುವುದಿಲ್ಲ ಅನ್ನುವುದು ಕೈಗೆ ಗೊತ್ತು.

ಪ್ರಿಂಟರ್ ಸತ್ತಿದ್ದಕ್ಕೆ ಬೇಸರ ಬೇಡ, ಅದು ಸಾಯಲೇಬೇಕಿತ್ತು. ಇಂಕ್‌ಜೆಟ್‌ನಲ್ಲಿ ಎರಡು ಜಾತಿ. ಒಂದು ಜಾತಿಯಲ್ಲಿ ಪುಟ್ಟ ಹೀಟರ್ ಕ್ಷಣಮಾತ್ರ 300 ಡಿಗ್ರಿ ಆಸುಪಾಸಿಗೆ ಕಾದು, ಗುಳ್ಳೆ ಎಬ್ಬಿಸಿ, ಆ ಗುಳ್ಳೆ ಹನಿಯನ್ನು ಹೊರಗೆ ತಳ್ಳುತ್ತದೆ. ನಿಮ್ಮ ಪಾಲಿಮರ್ ಆ ಹೀಟರ್ ಮೇಲೆ ಸೀದು ಹತ್ತಿಕೊಳ್ಳಬಹುದು. ಇನ್ನೊಂದು ಜಾತಿಯಲ್ಲಿ ಪೀಜೋ ಹರಳು ಅದುಮಿ ಹನಿ ಉದುರಿಸುತ್ತದೆ, ಶಾಖ ಇಲ್ಲ. ಪೆಡಾಟ್‌ಗೆ ಹೆಚ್ಚು ಒಗ್ಗುವುದು ಈ ಎರಡನೆಯದು. ಅದರಲ್ಲೂ ತೂತು ಸುಮಾರು 20 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು. ಶಾಯಿಯನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸದೆ ತುಂಬಿದರೆ ಒಂದು ಗಂಟು ಸಾಕು, ಕಥೆ ಮುಗಿಯಿತು. ಸ್ವಲ್ಪ ಗ್ಲೈಕಾಲ್ ಇದ್ದರೆ ತೂತಿನ ಬಾಯಲ್ಲಿ ಬೇಗ ಒಣಗುವುದಿಲ್ಲ. ನಿಲ್ಲಿಸುವ ಮೊದಲು ನೀರು ಹಾಯಿಸಿ ತೊಳೆಯಬೇಕು. ಈ ಶಾಯಿ ಹುಳಿ ಬೇರೆ, ಪಿಎಚ್ 2ರ ಹತ್ತಿರ. ಲೋಹದ ಭಾಗಗಳನ್ನು ಮೆಲ್ಲಗೆ ತಿನ್ನುತ್ತದೆ.

ಆದರೆ ನಿಮಗೆ ಬೇಕಾಗಿರುವುದು ಎಷ್ಟು ಪೀಸು? ಹತ್ತೋ ಇಪ್ಪತ್ತೋ ಇರಬೇಕು, ಅಲ್ವಾ? ಅದಕ್ಕೆ ಪ್ರಿಂಟರೇ ಬೇಡ. ಅಂಟು ಇರುವ ವಿನೈಲ್ ಹಾಳೆಯನ್ನು ಕಟಿಂಗ್ ಪ್ಲಾಟರಿನಲ್ಲಿ ಕತ್ತರಿಸಿ ಸ್ಟೆನ್ಸಿಲ್ ಮಾಡಿ. ಪೆಟ್ ಮೇಲೆ ಅಂಟಿಸಿ. ಶಾಯಿಯ ಒಂದು ಗೆರೆ ಸುರಿದು ಗಾಜಿನ ಕಡ್ಡಿಯನ್ನು ಒಂದೇ ಸಮ ಎಳೆಯಿರಿ. ಆಮೇಲೆ ಸ್ಟೆನ್ಸಿಲ್ ಕೀಳಿ. ಕಾಲು ಮಿಲಿಮೀಟರ್ ಗೆರೆ ಆರಾಮಾಗಿ ಬರುತ್ತದೆ. ಮುಂದೆ ಸಾವಿರ ಪೀಸು ಬೇಕಾದಾಗ ಸ್ಕ್ರೀನ್ ಪ್ರಿಂಟಿಂಗ್ ಯೋಚನೆ ಮಾಡಿ. ಅದಕ್ಕೆ ಈ ನೀರು ನೀರಾದ ಶಾಯಿ ಆಗುವುದಿಲ್ಲ, ಜಾಲರಿಯಿಂದ ಸೋರಿಹೋಗುತ್ತದೆ. ಗಟ್ಟಿ ಪೇಸ್ಟಿನ ರೂಪದ ಪೆಡಾಟ್ ಬೇರೆಯೇ ಸಿಗುತ್ತದೆ.

ಈಗ ಕೆಸುವಿನ ಎಲೆ ವಿಷಯ. ನೀರಿನ ಮೇಲ್ಮೈ ಎಳೆತ 72. ಪೆಟ್ ಹಾಳೆಯದು 40ರ ಆಸುಪಾಸು. ಎರಡೂ ಒಂದೇ ಮಾನದಲ್ಲಿ, ಮೀಟರಿಗೆ ಮಿಲಿನ್ಯೂಟನ್. ಶಾಯಿಯದು ಹಾಳೆಗಿಂತ ಕಡಿಮೆ ಇದ್ದರೆ ಹರಡುತ್ತದೆ, ಜಾಸ್ತಿ ಇದ್ದರೆ ಗುಂಡಗೆ ನಿಲ್ಲುತ್ತದೆ. ಹಾಗಾಗಿ ಒಂದೋ ಹಾಳೆಯನ್ನು ಮೇಲಕ್ಕೆತ್ತಬೇಕು, ಇಲ್ಲವೋ ಶಾಯಿಯನ್ನು ಕೆಳಗಿಳಿಸಬೇಕು. ಹಾಳೆಗೆ ನಾವು ಕೊರೋನಾ ಟ್ರೀಟ್‌ಮೆಂಟ್ ಕೊಡುತ್ತಿದ್ದೆವು. ಕಾಯಿಲೆ ಅಲ್ಲ, ವಿದ್ಯುತ್ ಕಿಡಿ ಹಾಯಿಸುವುದು. ಲ್ಯಾಬಿನಲ್ಲಿ ಪ್ಲಾಸ್ಮಾ ಅಥವಾ ಯುವಿ-ಓಝೋನ್ ಪೆಟ್ಟಿಗೆ ಇದ್ದರೆ ಅದೇ ಕೆಲಸ ಆಗುತ್ತದೆ. ಒಂದು ಮಾತು ನೆನಪಿಡಿ: ಆ ಗುಣ ದಿನ ಕಳೆದ ಹಾಗೆ ಇಳಿಯುತ್ತದೆ. ಬೆಳಿಗ್ಗೆ ಟ್ರೀಟ್ ಮಾಡಿದ್ದನ್ನು ಅವತ್ತೇ ಪ್ರಿಂಟ್ ಮಾಡಿ. ಮೇಲೆ ಬೆರಳು ತಾಗಿಸಬೇಡಿ. ಶಾಯಿಯನ್ನು ಇಳಿಸಲು ಒಂದು ತೊಟ್ಟು ಸರ್ಫ್ಯಾಕ್ಟಂಟ್ ಸಾಕು. ಸೋಪಿನ ಕೆಲಸ ಮಾಡುವಂಥದ್ದು.

ಚಿನ್ನವೂ ಬೇಡ, ಬೆಳ್ಳಿಯೂ ಬೇಡ. ಗೆರೆ ಒಂದೆರಡು ಸೆಂಟಿಮೀಟರ್ ಇದ್ದರೆ ಕಾರ್ಬನ್ ಪೇಸ್ಟ್ ಸಾಕು. ರಕ್ತದ ಸಕ್ಕರೆ ನೋಡುವ ಪಟ್ಟಿಗಳನ್ನು ನೋಡಿ. ಪ್ಲಾಸ್ಟಿಕ್ ಹಾಳೆ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿದ ಕಾರ್ಬನ್ ಎಲೆಕ್ಟ್ರೋಡು ಎಷ್ಟೊಂದರಲ್ಲಿದೆ. ಪ್ರಿಂಟೆಡ್ ಎಲೆಕ್ಟ್ರಾನಿಕ್ಸ್ ಅಂತ ದೊಡ್ಡ ಹೆಸರಿಟ್ಟು ಜನ ಸಮ್ಮೇಳನ ಮಾಡುವ ಮೊದಲೇ ಆ ಪಟ್ಟಿ ಅಷ್ಟು ಜನರ ಕೈ ಸೇರಿತ್ತು.

ಇನ್ನೊಂದು ಹೇಳಿಬಿಡುತ್ತೇನೆ. ಒಂದು ಶುಕ್ರವಾರ ಸಂಜೆ ಅವಸರದಲ್ಲಿ ಪೇಸ್ಟ್ ಬಳಿದ ಸ್ಕ್ರೀನ್ ತೊಳೆಯದೆ ಹೊರಟುಬಿಟ್ಟೆ. ಸೋಮವಾರ ಬಂದು ನೋಡಿದರೆ ಜಾಲರಿ ಕಲ್ಲಾಗಿತ್ತು. ಅದನ್ನು ಬಿಡಿಸಲು ಸುರಿದ ದ್ರಾವಕ ಆ ಇಡೀ ವಾರದ ಪೇಸ್ಟಿನಲ್ಲಿದ್ದ ದ್ರಾವಕಕ್ಕಿಂತ ಜಾಸ್ತಿ. ಕೊನೆಗೂ ಜಾಲರಿ ಉಳಿಯಲಿಲ್ಲ. ನೀವು ಲೆಕ್ಕ ಹಾಕುವಾಗ ತೊಳೆದದ್ದನ್ನೂ ಸೇರಿಸಿ. ಎಲ್ಲರೂ ಬಿಟ್ಟುಬಿಡುವುದು ಅದನ್ನೇ.

ಮಲ್ಟಿಮೀಟರ್

ಮೀಟರಿನ ಎರಡು ಕಡ್ಡಿ ಒತ್ತಿ ‘ಮೆಗಾ ಓಮ್’ ಅನ್ನಬೇಡಿ. ಅದರಲ್ಲಿ ಅರ್ಧ ಕಡ್ಡಿ ತಾಗುವ ಜಾಗದ ರೆಸಿಸ್ಟೆನ್ಸೇ ಇರಬಹುದು. ಒಂದೇ ಸಾಲಿನಲ್ಲಿ, ಸಮ ದೂರದಲ್ಲಿ ನಾಲ್ಕು ಪಿನ್ ಇಡಿ. ಹೊರಗಿನ ಎರಡರಲ್ಲಿ ಕರೆಂಟ್ ಹಾಯಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ನೋಡಿ. ಪೊರೆ ಪಿನ್ನುಗಳ ಅಂತರಕ್ಕಿಂತ ತುಂಬ ಅಗಲ ಇದ್ದರೆ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ 4.53ರಿಂದ ಗುಣಿಸಿ. ಬರುವುದು ಶೀಟ್ ರೆಸಿಸ್ಟೆನ್ಸ್, ಅಂದರೆ ಪೊರೆಯ ಒಂದು ಚೌಕದ ರೆಸಿಸ್ಟೆನ್ಸ್. ಹೋಲಿಸುವುದಿದ್ದರೆ ಅದನ್ನು ಹೋಲಿಸಿ.

ಥಯೋಫೀನ್

ನಾನು ಇಂಥ ಪಾಲಿಮರುಗಳನ್ನು ಕುದಿಸಿ ತಯಾರಿಸುವವಳು. ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಆದರೆ ಮೊದಲು ನನ್ನದೊಂದು ಪ್ರಶ್ನೆ. ನಿಮಗೆ ಪಿ3ಎಚ್‌ಟಿ ಯಾಕೆ ಬೇಕು?

ಬದಲಿ ದ್ರಾವಕ ಬೇಕಾದರೆ ಇದೆ. ಆರ್ಥೋ-ಝೈಲೀನ್, ಅನಿಸೋಲ್ ಎರಡರಲ್ಲೂ ಪಿ3ಎಚ್‌ಟಿ ಬಿಸಿ ಮಾಡಿದರೆ ಕರಗುತ್ತದೆ. ತಣಿಯುತ್ತಾ ಬಂದಾಗ ಸಣ್ಣ ನಾರುಗಳಾಗಿ ಕಟ್ಟಿಕೊಳ್ಳುತ್ತದೆ. ಅದು ಕೆಲವೊಮ್ಮೆ ಒಳ್ಳೆಯದೇ. ಎರಡರಲ್ಲೂ ಕ್ಲೋರಿನ್ ಇಲ್ಲ. 2-ಮೀಥೈಲ್ ಟಿಎಚ್ಎಫ್ ಅಂತ ಒಂದಿದೆ, ಬೆಳೆಯ ಕಸದಿಂದ ಸಿಗುವ ಫರ್ಫ್ಯೂರಾಲಿನಿಂದ ಮಾಡುತ್ತಾರೆ. ಕೆಲವು ಪಾಲಿಮರಿಗೆ ಚೆನ್ನಾಗಿ ಒಗ್ಗುತ್ತದೆ. ಹಣ್ಣಿನ ಸಿಪ್ಪೆಯಿಂದ ಬರುವ ಲಿಮೋನೀನನ್ನು ಹಲವರು ಹೊಗಳುತ್ತಾರೆ. ವಾಸನೆ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ನೀರಿನಲ್ಲಿರುವ ಜೀವಿಗಳಿಗೆ ಅದು ಬಹಳ ವಿಷ. ಸಿಂಕಿಗೆ ಸುರಿಯುವ ಹಾಗಿಲ್ಲ.

ನೀರಿನಲ್ಲಿ ತೇಲುವ ಪಾಲಿಮರ್ ಕಣಗಳ ಶಾಯಿಯೂ ಇದೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಪಾಲ್ ದಾಸ್ತೂರ್ ಅವರ ತಂಡ ಅಂಥ ಶಾಯಿಯಿಂದ ‘ಸೋಲಾರ್ ಪೇಂಟ್’ ಮಾಡಿ ಹೆಸರಾಯಿತು. ಆದರೆ ಆ ಕಣಗಳನ್ನು ಮಾಡುವ ಸಾಮಾನ್ಯ ದಾರಿ ಏನು ಗೊತ್ತಾ? ಪಾಲಿಮರನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸುವುದು. ಸೋಪು ನೀರಿಗೆ ಹಾಕಿ ಅಲ್ಟ್ರಾಸೌಂಡಿನಲ್ಲಿ ಅಲ್ಲಾಡಿಸುವುದು. ಆಮೇಲೆ ಕ್ಲೋರೋಫಾರ್ಮನ್ನು ಬಿಸಿ ಮಾಡಿ ಓಡಿಸುವುದು. ಬಾಟಲಿ ಮೇಲೆ ‘ನೀರಿನ ಶಾಯಿ’ ಅಂತಲೇ ಇರುತ್ತದೆ. ಕ್ಲೋರೋಫಾರ್ಮ್ ಹಿಂದಿನ ಕೋಣೆಗೆ ಹೋಯಿತು, ಅಷ್ಟೇ.

ಹಿಂದಿನ ಕೋಣೆ ಅಂದರೆ ನಾನಿರುವ ಜಾಗ. ಅಲ್ಲಿನದನ್ನೂ ಹೇಳುತ್ತೇನೆ. ಒಂದು ಗ್ರಾಂ ಪಾಲಿಮರ್ ಮಾಡಿದ ಮೇಲೆ ಅದನ್ನು ಸಾಕ್ಸ್‌ಲೆಟ್ ಎಂಬ ತೊಳೆಯುವ ಗಾಜಿನ ಸಾಧನದಲ್ಲಿ ಮೆಥನಾಲ್, ಹೆಕ್ಸೇನ್, ಕ್ಲೋರೋಫಾರ್ಮ್ ಅಂತ ಒಂದಾದ ಮೇಲೊಂದು ಹಾಕಿ ತೊಳೆಯುತ್ತೇವೆ. ಪ್ರಿಂಟ್ ಮಾಡುವಾಗ ನೀವು ಬಳಸುವ ದ್ರಾವಕಕ್ಕಿಂತ ಅದು ಎಷ್ಟೋ ಜಾಸ್ತಿ. ಸೌರಕೋಶಕ್ಕೆ ಬಳಸುವ ಹೊಸ ಪಾಲಿಮರುಗಳಲ್ಲಿ ಹಲವನ್ನು ಸ್ಟಿಲ್ಲೆ ಕಪ್ಲಿಂಗ್ ಎಂಬ, ತುಂಡುಗಳನ್ನು ಜೋಡಿಸುವ ಕ್ರಿಯೆಯಿಂದ ಮಾಡುತ್ತಾರೆ. ಅದರಲ್ಲಿ ತವರದ ಸಂಯುಕ್ತ ಬೇಕು, ಉಳಿಯುವ ತವರದ ಕಸ ವಿಷ. ಈಗ ತವರ ಇಲ್ಲದೆ ನೇರವಾಗಿ ಜೋಡಿಸುವ ಡೈರೆಕ್ಟ್ ಆರೈಲೇಷನ್ ಬಂದಿದೆ. ಎರಡು ಹಂತ ಕಡಿಮೆಯಾಗುತ್ತದೆ. ಆದರೆ ಹುಷಾರಾಗಿ ಮಾಡದಿದ್ದರೆ ಸರಪಳಿ ಸೇರಬಾರದ ಜಾಗದಲ್ಲಿ ಸೇರಿಕೊಳ್ಳುತ್ತದೆ. ನನ್ನ ಮೊದಲ ನಾಲ್ಕು ಬ್ಯಾಚು ಹಾಗೇ ಕೆಟ್ಟವು.

ಈಗ ನನ್ನ ಪ್ರಶ್ನೆಗೆ ವಾಪಸ್. ನೀವು ನೀರಿನಲ್ಲಿ ಅಳೆಯಬೇಕು. ಪಿ3ಎಚ್‌ಟಿಯ ಫೀಲ್ಡ್ ಎಫೆಕ್ಟ್ ಟ್ರಾನ್ಸಿಸ್ಟರಿಗೆ ತೆಳುವಾದ ಇನ್ಸುಲೇಟರ್ ಬೇಕು, ಸಾಮಾನ್ಯವಾಗಿ ಹತ್ತಾರು ವೋಲ್ಟ್ ಬೇಕು, ನೀರು ಅಷ್ಟಾಗಿ ಒಗ್ಗುವುದಿಲ್ಲ. ಅದರ ಬದಲು ಎಲೆಕ್ಟ್ರೋಕೆಮಿಕಲ್ ಟ್ರಾನ್ಸಿಸ್ಟರ್ ಮಾಡಿ. 1984ರಲ್ಲಿ ರೈಟನ್ ಅವರ ತಂಡ ಪಾಲಿಪಿರೋಲ್ ಬಳಸಿ ಮೊದಲು ತೋರಿಸಿದ್ದು. ನಿಮ್ಮ ಪೆಡಾಟ್‌ಗೆ ಹೇಳಿ ಮಾಡಿಸಿದ ಹಾಗಿದೆ.

ಕೆಲಸ ಮಾಡುವುದು ಹೀಗೆ. ಪೆಡಾಟಿನ ಒಂದು ಕಿರಿದಾದ ಗೆರೆ ಚಾನೆಲ್, ಕರೆಂಟ್ ಹರಿಯುವುದು ಅದರಲ್ಲಿ. ಪಕ್ಕದಲ್ಲಿ ಪೆಡಾಟಿನದೇ ಇನ್ನೊಂದು ತುಂಡು ಗೇಟ್, ಆ ಕರೆಂಟನ್ನು ಹಿಡಿತದಲ್ಲಿಡುವುದು. ಎರಡರ ಮೇಲೂ ಉಪ್ಪಿನ ನೀರಿನ ಒಂದು ಹನಿ. ಗೇಟಿಗೆ 1 ವೋಲ್ಟಿಗಿಂತ ಕಡಿಮೆ ಕೊಟ್ಟರೆ ಸಾಕು. ಸೋಡಿಯಂ ಅಯಾನುಗಳು ಚಾನೆಲಿನ ಒಳಗೆ ನುಗ್ಗುತ್ತವೆ, ಪೆಡಾಟ್ ತನ್ನ ವಾಹಕತೆ ಕಳೆದುಕೊಳ್ಳುತ್ತದೆ, ಕರೆಂಟ್ ಇಳಿಯುತ್ತದೆ. ಆಸ್ಕಾರ್ಬಿಕ್ ಆಮ್ಲ ಇದ್ದರೆ ಅದು ಎಲೆಕ್ಟ್ರಾನ್ ಕೊಟ್ಟು ಕರೆಂಟನ್ನು ಇನ್ನಷ್ಟು ಇಳಿಸುತ್ತದೆ. ಪೊರೆಯ ಇಡೀ ದಪ್ಪ ಕೆಲಸ ಮಾಡುವುದರಿಂದ ಗೆರೆಯ ಅಂಚು ಒರಟಾಗಿದ್ದರೂ ನಡೆಯುತ್ತದೆ. ಗೇಟ್ ಮಾತ್ರ ಚಾನೆಲಿಗಿಂತ ಹತ್ತು ಪಟ್ಟಾದರೂ ದೊಡ್ಡದಿರಲಿ.

ಹೀಗೆ ಮಾಡಿದರೆ ಚಿನ್ನ ಹೋಯಿತು, ಪಿ3ಎಚ್‌ಟಿ ಹೋಯಿತು, ಕ್ಲೋರೋಬೆಂಜೀನ್ ಹೋಯಿತು, ಇನ್ಸುಲೇಟರೂ ಹೋಯಿತು. ಒಂದೇ ಶಾಯಿ, ಒಂದೇ ಸಲ ಎಳೆಯುವುದು. ಹಳೇಸ್ಕ್ವೀಜಿ ಅವರ ಸ್ಟೆನ್ಸಿಲ್ ಸಾಕೇ ಸಾಕು.

ಶಾಯಿಗೆ ನೂರಕ್ಕೆ 5 ಪಾಲು ಎಥಿಲೀನ್ ಗ್ಲೈಕಾಲ್ ಹಾಕಿ, ವಾಹಕತೆ ನೂರಾರು ಪಟ್ಟು ಏರುತ್ತದೆ. ನೀರಿನಲ್ಲಿ ಬಿಚ್ಚಿಕೊಳ್ಳದಿರಲು ಗಾಪ್ಸ್ ಎಂಬ ಸಿಲೇನ್ ನೂರಕ್ಕೆ 1 ಪಾಲು. ಅದನ್ನು ಎಳೆಯುವ ಸ್ವಲ್ಪ ಮೊದಲು ಬೆರೆಸಿ, ರಾತ್ರಿ ಬೆರೆಸಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಒಣಗಿದ ಮೇಲೆ 140 ಡಿಗ್ರಿಯಲ್ಲಿ ಒಂದು ಗಂಟೆ. ರೂಮಿನ ತಾಪದಲ್ಲೇ ಹಿಡಿಯುವ ಡೈವಿನೈಲ್ ಸಲ್ಫೋನ್ ಕೂಡ ಇದೆ. ಓವನ್ನಿನ ಕರೆಂಟ್ ಖರ್ಚು ಉಳಿಯುತ್ತದೆ ನಿಜ, ಆದರೆ ಅದು ಭಯಂಕರ ವಿಷ. ನಾನಾದರೆ ಮುಟ್ಟುವುದಿಲ್ಲ.

ನೀಲಿಶಾಯಿ

ಥಯೋಫೀನ್ ಮೇಡಂ, ‘ಯಾಕೆ ಬೇಕು’ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. ನಮ್ಮ ಸೀನಿಯರ್ ಅದನ್ನೇ ಮಾಡಿದ್ದರು. ಹಾಗಾಗಿ ಬಿಟ್ಟುಬಿಟ್ಟೆ. ಪೂರ್ತಿ ಪೆಡಾಟ್.

ಮೂರು ವಾರದ ವರದಿ ಇದು. ಸ್ಪಿನ್ ಕೋಟರ್ ಹತ್ತಿರ ಹೋಗಿಲ್ಲ. ಅಂಟುಪಟ್ಟಿಯ ದಪ್ಪವೇ 50 ಮೈಕ್ರಾನ್. ಅದನ್ನೇ ಎರಡು ಕಡೆ ಅಂಟಿಸಿ ಮಧ್ಯೆ ಗಾಜಿನ ಕಡ್ಡಿ ಎಳೆದೆ. ಮಲ್ಟಿಮೀಟರ್ ಅವರು ಹೇಳಿದ ಹಾಗೆ ನಾಲ್ಕು ಗುಂಡುಸೂಜಿ ಚುಚ್ಚಿ ಒಂದು ಪ್ರೋಬ್ ಮಾಡಿಕೊಂಡೆ. ಬರೀ ಶಾಯಿಯ ಪೊರೆಯ ಶೀಟ್ ರೆಸಿಸ್ಟೆನ್ಸ್ 30 ಸಾವಿರ ಓಮ್ ಆಸುಪಾಸು. ಗ್ಲೈಕಾಲ್ ಹಾಕಿದ ಮೇಲೆ 60! ಮೀಟರ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಮೀಟರ್ ತಂದು ನೋಡಿದೆ. ಅದೂ ಅಷ್ಟೇ ಹೇಳಿತು. ಗಾಪ್ಸ್ ಹಾಕಿದರೆ 95ಕ್ಕೆ ಏರುತ್ತದೆ. ಆದರೆ ಪೊರೆ ನೀರಿನಲ್ಲಿ ಎರಡು ದಿನ ಇದ್ದರೂ ಅಲ್ಲಾಡಲಿಲ್ಲ.

ಈಗ ಕೆಟ್ಟ ಸುದ್ದಿ. 140 ಡಿಗ್ರಿಯಲ್ಲಿ ಇಟ್ಟ ಪೆಟ್ ಹಾಳೆ ಒಣಗಿದ ಎಲೆಯ ಹಾಗೆ ಸುರುಳಿ ಸುತ್ತಿಕೊಂಡಿತು. ಮೇಲಿದ್ದ ಎಂಟು ಟ್ರಾನ್ಸಿಸ್ಟರ್ ಒಟ್ಟಿಗೆ ಬಿರುಕು ಬಿಟ್ಟವು. ವಿದ್ಯುತ್ ಹಾಯಿಸುವ ಪಾಲಿಮರುಗಳ ವಿಜ್ಞಾನಿ ಶಿರಾಕಾವಾ ಅವರ ಲ್ಯಾಬಿನಲ್ಲಿ ಕ್ಯಾಟಲಿಸ್ಟ್ ತಪ್ಪಿ ಸಾವಿರ ಪಟ್ಟು ಜಾಸ್ತಿ ಬಿದ್ದು ಬೆಳ್ಳಿಯಂಥ ಪೊರೆ ಸಿಕ್ಕಿತ್ತಂತೆ, ಆ ದಾರಿ ಕೊನೆಗೆ 2000ದ ನೊಬೆಲ್‌ವರೆಗೆ ಹೋಯಿತು. ನನ್ನ ತಪ್ಪಿನಿಂದ ಸುರುಳಿ ಸುತ್ತಿದ ಪ್ಲಾಸ್ಟಿಕ್ ಮಾತ್ರ ಸಿಕ್ಕಿದೆ.

ಗುಂಡಗೆ ನಿಲ್ಲುವ ಸಮಸ್ಯೆ ಹೋಯಿತು. ಲ್ಯಾಬಿನ ಕಪಾಟಿನಲ್ಲಿ ಹಳೆಯ ಸರ್ಫ್ಯಾಕ್ಟಂಟ್ ಬಾಟಲಿ ಇತ್ತು. ಒಂದೇ ತೊಟ್ಟಿಗೆ ಶಾಯಿ ಕನ್ನಡಿಯ ಹಾಗೆ ಹರಡಿತು.

ಹಳೇಸ್ಕ್ವೀಜಿ

ಸುರುಳಿಗೆ ಔಷಧಿ ಇದೆ. ಹಾಳೆ ತಯಾರಾಗುವಾಗ ಅದನ್ನು ಎಳೆದು ಹಿಗ್ಗಿಸಿರುತ್ತಾರೆ. 70–80 ಡಿಗ್ರಿ ದಾಟಿದರೆ ಅದು ವಾಪಸ್ ಕುಗ್ಗಲು ನೋಡುತ್ತದೆ. ನಾವು ಪ್ರಿಂಟ್ ಮಾಡುವ ಮೊದಲೇ ಖಾಲಿ ಹಾಳೆಯನ್ನು ಓವನ್ನಿನಲ್ಲಿ ಇಟ್ಟು ಕುಗ್ಗುವಷ್ಟು ಕುಗ್ಗಿಸಿಬಿಡುತ್ತಿದ್ದೆವು. ಮುಂದೆ ಒಣಗಿಸುವ ತಾಪಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ, ಅರ್ಧ ಗಂಟೆ, ಯಾವ ಭಾರವೂ ಇಲ್ಲದೆ ಸಪಾಟಾಗಿ ಇಡಬೇಕು. ಆಮೇಲೆ ಪ್ರಿಂಟ್. ಮತ್ತೆ ನಿಮ್ಮ ಕೊನೆಯ ಬೇಯಿಸುವಿಕೆಯನ್ನು 120ಕ್ಕೆ ಇಳಿಸಿ, ಹೊತ್ತು ಜಾಸ್ತಿ ಕೊಡಿ.

ಸ್ಟೆನ್ಸಿಲ್ ಯಾವಾಗ ಕೀಳುತ್ತಿದ್ದೀರಿ? ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚು ಹರಿದು ಬರುತ್ತದೆ. ಹೊಳಪು ಹೋಗಿ ಇನ್ನೂ ತೇವ ಇರುವಾಗ ಕೀಳಿ.

ತಕ್ಕಡಿ

ಎಲ್ಲರೂ ಕೆಲಸದ ಮಾತಾಡಿದ್ದೀರಿ, ನಾನು ಮೂರನೆಯ ಪ್ರಶ್ನೆಗೆ ಬರುತ್ತೇನೆ. ವಸ್ತು ಹುಟ್ಟಿದಲ್ಲಿಂದ ಕಸವಾಗುವವರೆಗೆ ಲೆಕ್ಕ ಹಾಕುವುದು ನನ್ನ ಕೆಲಸ.

ಮೊದಲು ಆ ಹಳೆಯ ಬಾಟಲಿ. ಅದರ ಮೇಲೆ ‘ಫ್ಲೋರೋ’ ಅಂತ ಏನಾದರೂ ಇದೆಯಾ ನೋಡಿ. ಪೆಡಾಟ್‌ಗೆ ಜನ ಹಿಂದಿನಿಂದಲೂ ಬಳಸುತ್ತಿದ್ದ ಹರಡುವ ಮದ್ದುಗಳಲ್ಲಿ ಫ್ಲೋರಿನ್ ಇರುವಂಥವು ಸಾಕಷ್ಟಿವೆ. ಅವು ಪಿಎಫ್ಎಎಸ್ ಗುಂಪಿಗೆ ಸೇರುತ್ತವೆ. ಆ ಗುಂಪಿನ ವಸ್ತುಗಳು ಮಣ್ಣಿನಲ್ಲಿ ನೀರಿನಲ್ಲಿ ಸುಲಭವಾಗಿ ಒಡೆಯುವುದಿಲ್ಲ. ಕ್ಲೋರೋಬೆಂಜೀನ್ ಬಿಟ್ಟು ಬಂದು ಇದನ್ನು ಹಾಕಿಕೊಂಡರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಡಿಬಿಎಸ್ಎ ಎಂಬ ಫ್ಲೋರಿನ್ ಇಲ್ಲದ ಸರ್ಫ್ಯಾಕ್ಟಂಟ್ ಇಂಥ ಟ್ರಾನ್ಸಿಸ್ಟರುಗಳಲ್ಲಿ ಮಾಮೂಲಿ. ಅದನ್ನು ಹಾಕಿ.

ಈಗ ತೂಕ. ಒಂದು ಚದರ ಮೀಟರ್ ಹಾಳೆ ಮೇಲೆ 100 ನ್ಯಾನೋಮೀಟರ್ ಪಾಲಿಮರ್ ಹಚ್ಚಿದರೆ ಅದರ ತೂಕ ಸುಮಾರು 0.1 ಗ್ರಾಂ. ಕೆಳಗಿನ ಪೆಟ್ ಹಾಳೆ 125 ಮೈಕ್ರಾನ್ ದಪ್ಪ ಇದ್ದರೆ ತೂಕ 170 ಗ್ರಾಂ ದಾಟುತ್ತದೆ. ಸಾವಿರದ ಏಳುನೂರು ಪಟ್ಟು! ಹತ್ತರಲ್ಲಿ ಒಂದು ಪಾಲು ಜಾಗಕ್ಕೆ 10 ಮೈಕ್ರಾನ್ ಬೆಳ್ಳಿ ಪೇಸ್ಟ್ ಬಳಿದರೆ ಅದೇ 5 ಗ್ರಾಂ ಹತ್ತಿರ ಬರುತ್ತದೆ. ನಿಮ್ಮ ಪೊರೆ 600 ನ್ಯಾನೋಮೀಟರ್ ಇದ್ದೀತು. ಆದರೂ ಒಂದು ಗ್ರಾಮಿನ ಒಳಗೇ. ಜನ ಈ ಚೂರಿನ ಬಗ್ಗೆ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. 170 ಗ್ರಾಂ ಪ್ಲಾಸ್ಟಿಕ್ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ನೀವು ಬೆಳ್ಳಿಯ ಕಡೆ ಹೋಗದಿದ್ದದ್ದು ದೊಡ್ಡ ಗೆಲುವು. ಕ್ಲೋರೋಬೆಂಜೀನ್ ಬಿಟ್ಟಿದ್ದಕ್ಕಿಂತ ದೊಡ್ಡದೇನೋ.

ಹಾಗಂತ ನೀರು ಬಿಟ್ಟಿ ಅಲ್ಲ. ಒಂದು ಕಿಲೋ ನೀರು ಆವಿಯಾಗಲು 2260 ಕಿಲೋಜೂಲ್ ಬೇಕು. ಝೈಲೀನಿಗೆ ಅದರ ಆರರಲ್ಲಿ ಒಂದು ಪಾಲು ಸಾಕು. ಸ್ಟೆನ್ಸಿಲಿನಲ್ಲಿ ಇದು ಲೆಕ್ಕಕ್ಕಿಲ್ಲ. ಕಿಲೋಮೀಟರ್ ಉದ್ದದ ಸುರುಳಿ ಹಾಳೆಯನ್ನು ಓಡಿಸುವ ಕಾರ್ಖಾನೆಯಲ್ಲಿ ಒಣಗಿಸುವ ಓವನ್ನೇ ದೊಡ್ಡ ಖರ್ಚು. ಹಾಗಿದ್ದರೂ ಸಿಲಿಕಾನ್ ಕರಗಿಸುವ 1414 ಡಿಗ್ರಿ ಎಲ್ಲಿ, ನಿಮ್ಮ 120 ಎಲ್ಲಿ.

ಹಾಳೆಯ ಬದಲು ಕಾಗದ ಹಾಕಿ ಅಂತ ಯಾರಾದರೂ ಹೇಳಬಹುದು. ಹಾಕಿ, ಮೇಲೆ ಒಂದು ಲೇಪ ಬೇಕಾಗುತ್ತದೆ, ಇಲ್ಲದಿದ್ದರೆ ಮತ್ತೆ ಶಾಯಿ ಕುಡಿಯುತ್ತದೆ. ಆದರೆ ‘ಮಣ್ಣಿನಲ್ಲಿ ಕರಗುವ ಸೆನ್ಸರ್’ ಅಂತ ಮಾತ್ರ ಬರೆಯಬೇಡಿ. ಕಾಗದ ಕರಗುತ್ತದೆ, ಪೆಡಾಟ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ನಿಜವಾಗಿ ಒಡೆದುಹೋಗುವ ಅರೆವಾಹಕ ಪಾಲಿಮರನ್ನು 2017ರಲ್ಲಿ ಸ್ಟ್ಯಾನ್‌ಫರ್ಡಿನ ಝೆನಾನ್ ಬಾವೋ ಅವರ ತಂಡ ತೋರಿಸಿತು. ಆಮ್ಲ ತಗುಲಿದರೆ ಬಿಡಿಬಿಡಿಯಾಗುವ ಕೊಂಡಿಗಳನ್ನು ಸರಪಳಿಯಲ್ಲೇ ಇಟ್ಟು, ಸೆಲ್ಯುಲೋಸ್ ಹಾಳೆ ಮತ್ತು ಕಬ್ಬಿಣದ ಎಲೆಕ್ಟ್ರೋಡ್ ಬಳಸಿದ್ದರು. ಅದು ಬೇರೆ ಮಟ್ಟದ ಕೆಲಸ.

ಕೊನೆಯದು. ಬಿಸಾಡುವ ಸೆನ್ಸರ್ ಅಂದಿರಿ. 2022ರಲ್ಲಿ ಜಗತ್ತಿನ ಇ-ಕಸ 6.2 ಕೋಟಿ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ನೂರಕ್ಕೆ 22.3. ನಿಮ್ಮ ಪಟ್ಟಿಯನ್ನು ತೊಳೆದು ಐದು ಸಲ ಬಳಸಲು ಆಗುತ್ತದಾ ನೋಡಿ. ಹಾಗೆ ಆಗುವುದಾದರೆ ಪ್ರತಿ ಅಳತೆಗೆ ಬೀಳುವ ಪ್ಲಾಸ್ಟಿಕ್ ಐದರಲ್ಲಿ ಒಂದಕ್ಕೆ ಇಳಿಯುತ್ತದೆ. ಯಾವ ದ್ರಾವಕ ಬದಲಿಸಿದರೂ ಅಷ್ಟು ಸಿಗುವುದಿಲ್ಲ.

ಥಯೋಫೀನ್

ತಕ್ಕಡಿ ಅವರ ತೂಕದ ಮಾತು ಒಪ್ಪಿದೆ, ಆದರೆ ಪೂರ್ತಿ ಅಲ್ಲ. ತೂಕ ಕಡಿಮೆ ಅಂದ ಮಾತ್ರಕ್ಕೆ ಹೊರೆ ಕಡಿಮೆ ಅಲ್ಲ. ನನ್ನ ಒಂದು ಗ್ರಾಂ ಪಾಲಿಮರ್ ಹಿಂದೆ ಲೀಟರುಗಟ್ಟಲೆ ದ್ರಾವಕ ನಿಂತಿರುತ್ತದೆ. ಪೆಟ್ ಹಿಂದೆ ಹಾಗಿಲ್ಲ. ಪೆಡಾಟ್ ನೀರಿನಲ್ಲೇ ತಯಾರಾಗುತ್ತದೆ, ಅದೇ ಅದರ ಪುಣ್ಯ. ಫೋಟೋ ಫಿಲ್ಮಿನ ಮೇಲೆ ಕಿಡಿ ಹಾರದಂತೆ ಬಳಿಯಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದ ಶಾಯಿ ಅದು. ಕಾರ್ಖಾನೆಗೆ ಒಗ್ಗಲೆಂದೇ ಹುಟ್ಟಿದ್ದು.

ಹಿಂದಿನ ಕೋಣೆಯಲ್ಲೂ ಬದಲಾವಣೆ ಬರುತ್ತಿದೆ. 2024ರಲ್ಲಿ ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು ಇಂಥ ಪಾಲಿಮರುಗಳನ್ನು ಡೋಪ್ ಮಾಡಲು, ಅಂದರೆ ಚೆನ್ನಾಗಿ ವಿದ್ಯುತ್ ಹಾಯುವಂತೆ ಮಾಡಲು, ಗಾಳಿಯ ಆಮ್ಲಜನಕ ಮತ್ತು ಬೆಳಕನ್ನೇ ಬಳಸಿದರು. ಕಟುವಾದ ರಾಸಾಯನಿಕ ಬೇಕಿಲ್ಲ, ಬೆಳಕಿನಿಂದ ಕೆಲಸ ಮಾಡುವ ಕ್ಯಾಟಲಿಸ್ಟ್ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಓದಿ ಹೊಟ್ಟೆಕಿಚ್ಚಾಯಿತು, ಇಷ್ಟು ಸರಳವಾದದ್ದು ನಮಗೆ ಹೊಳೆಯಲಿಲ್ಲವಲ್ಲ ಅಂತ.

ನೀಲಿಶಾಯಿ

ಬಾಟಲಿ ನೋಡಿದೆ. ಫ್ಲೋರೋ ಅಂತ ದಪ್ಪ ಅಕ್ಷರದಲ್ಲಿ ಇದೆ. ಅದನ್ನು ವಾಪಸ್ ಕಪಾಟಿಗೆ ಇಟ್ಟು ಚೀಟಿ ಅಂಟಿಸಿದೆ. ಡಿಬಿಎಸ್ಎ ಹಾಕಿದರೆ ಕನ್ನಡಿಯ ಹಾಗೆ ಹರಡುವುದಿಲ್ಲ. ಆದರೆ ಹಾಳೆಗೆ ಯುವಿ-ಓಝೋನ್ ಕೊಟ್ಟು ಅವತ್ತೇ ಎಳೆದರೆ ಸಾಕಷ್ಟು ಚೆನ್ನಾಗಿ ಬರುತ್ತದೆ.

ಹಾಳೆಯನ್ನು ಮೊದಲೇ ಕುಗ್ಗಿಸಿ, 120 ಡಿಗ್ರಿಯಲ್ಲಿ ಮೂರು ಗಂಟೆ ಇಟ್ಟೆ. ಸುರುಳಿ ಇಲ್ಲ. 16 ಟ್ರಾನ್ಸಿಸ್ಟರಿನಲ್ಲಿ 11 ಕೆಲಸ ಮಾಡುತ್ತಿವೆ. ಮೂರು ಸ್ಟೆನ್ಸಿಲ್ ಕೀಳುವಾಗ ಹರಿದವು, ಆ ‘ಹೊಳಪು ಹೋದ ಕ್ಷಣ’ ಹಿಡಿಯುವುದು ಇನ್ನೂ ಕೈಗೆ ಬಂದಿಲ್ಲ ಸರ್. ಎರಡರಲ್ಲಿ ಶಾಯಿ ಅಡಿಗೆ ಸೋರಿ ಗೇಟ್, ಚಾನೆಲ್ ಒಂದಾಗಿವೆ. ಗೇಟಿಗೆ 0.6 ವೋಲ್ಟ್ ಕೊಟ್ಟರೆ ಕರೆಂಟ್ ಸರಸರ ಇಳಿಯುತ್ತದೆ, ತೆಗೆದರೆ ಮೇಲೆ ಬರುತ್ತದೆ. ಆಸ್ಕಾರ್ಬಿಕ್ ಆಮ್ಲದ ಹನಿ ಬಿದ್ದಾಗ ಗೆರೆ ಇನ್ನಷ್ಟು ಕೆಳಗೆ ಜಾರಿದ್ದನ್ನು ನೋಡಿ ಲ್ಯಾಬಿನಲ್ಲಿ ಕೂಗಿಬಿಟ್ಟೆ. ತೊಳೆದು ಮೂರು ಸಲ ಬಳಸಿದೆ. ನಾಲ್ಕನೆಯ ಸಲ ಮೊದಲಿನ ಮಟ್ಟಕ್ಕೆ ವಾಪಸ್ ಬರಲಿಲ್ಲ. ಐದು ಆಗಲಿಲ್ಲ ತಕ್ಕಡಿ ಅವರೇ, ಸದ್ಯಕ್ಕೆ ಮೂರು ಅಂತ ಬರೆದುಕೊಂಡಿದ್ದೇನೆ.

ತೊಳೆದ ನೀರು, ಕತ್ತರಿಸಿ ಉಳಿದ ವಿನೈಲ್, ಹರಿದ ಹಾಳೆ ಎಲ್ಲ ಒಂದು ಡಬ್ಬದಲ್ಲಿ ತೂಗಿ ಇಡುತ್ತಿದ್ದೇನೆ. ಆಶ್ಚರ್ಯ ಅಂದರೆ ಈಗ ಅತಿ ಜಾಸ್ತಿ ಕಸ ವಿನೈಲ್ ಸ್ಟೆನ್ಸಿಲಿನದೇ. ಒಂದು ಸಲ ಅಂಟಿಸಿ ಕಿತ್ತರೆ ಮುಗಿಯಿತು.

ಪ್ರಾಜೆಕ್ಟಿನ ಹೆಸರು ಬದಲಿಸಲು ಅರ್ಜಿ ಕೊಟ್ಟಿದ್ದೇನೆ. ‘ನೀರಿನ ಶಾಯಿಯಲ್ಲಿ ಒಂದೇ ಎಳೆತಕ್ಕೆ ಮಾಡಿದ ಪಾಲಿಮರ್ ಸೆನ್ಸರ್’. ಪರಿಸರಸ್ನೇಹಿ ತೆಗೆದೆ. ಕಡಿಮೆ ಖರ್ಚು ಅನ್ನುವುದನ್ನೂ ತೆಗೆದೆ, 16ರಲ್ಲಿ 14 ಬಂದ ಮೇಲೆ ವಾಪಸ್ ಹಾಕುತ್ತೇನೆ.

ಹಳೇಸ್ಕ್ವೀಜಿ

ವಿನೈಲ್ ಬದಲು ತೆಳುವಾದ ಸ್ಟೀಲ್ ತಗಡಿನ ಸ್ಟೆನ್ಸಿಲ್ ಮಾಡಿಸಿ, ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಪೇಸ್ಟ್ ಬಳಿಯಲು ಬಳಸುವಂಥದ್ದು. ನೂರಾರು ಸಲ ಬರುತ್ತದೆ. ಆದರೆ ಅದು ಹಾಳೆಗೆ ಅಂಟಿಕೊಳ್ಳುವುದಿಲ್ಲ. ತೆಳು ಶಾಯಿ ಅಡಿಗೆ ಸೋರುತ್ತದೆ, ಹಾಗಾಗಿ ಗಟ್ಟಿ ಪೇಸ್ಟಿಗೇ ಹೋಗಬೇಕಾಗುತ್ತದೆ. ನಿಮ್ಮ ಹುಳಿ ಶಾಯಿಗೆ ಸ್ಟೀಲ್ ತಡೆಯುತ್ತದಾ ಅಂತಲೂ ಒಂದು ಚೂರು ನೆನೆಸಿಟ್ಟು ನೋಡಿ. ಎಳೆದ ತಕ್ಷಣ ತೊಳೆಯಿರಿ. ಶುಕ್ರವಾರ ಸಂಜೆಯಾದರೂ ಸರಿ.

ಉಳಿದ ಶಾಯಿಯ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಎಷ್ಟು ಕಲಕಿದರೂ ಗಂಟು ಬಿಡುವುದಿಲ್ಲ.

ನೀಲಿಶಾಯಿ

ಫ್ರೀಜರ್ ಮಾತು ಎರಡು ವಾರ ಮೊದಲು ಹೇಳಬಾರದಿತ್ತಾ ಸರ್? ಹೊಸ ಬಾಟಲಿ ಬರಲು ಇನ್ನೂ ಹತ್ತು ದಿನ ಇದೆ. ಅಷ್ಟರಲ್ಲಿ ಸ್ಟೀಲ್ ಚೂರನ್ನು ಹಳೆಯ ಗಂಟು ಶಾಯಿಯಲ್ಲೇ ನೆನೆಸಿಡುತ್ತೇನೆ.